ಖಾರಾ ಬನ್ ಸಂಜೆ 6ಕ್ಕೇ ಖಾಲಿ, ಕೇಕ್ ರಾತ್ರಿ ಕಸಕ್ಕೆ. ದಿನಾ ಎಷ್ಟು ಮಾಡಬೇಕು ಅಂತ ನೀವು ಹೇಗೆ ತೀರ್ಮಾನಿಸುತ್ತೀರಿ?

ಬನ್ನು_ಬೆಣ್ಣೆ

ನಮ್ಮದು ಬೆಂಗಳೂರಿನಲ್ಲಿ ಒಂದು ಸಣ್ಣ ಬೇಕರಿ. ಅಪ್ಪ ಹಾಸನದ ಕಡೆಯಿಂದ ಬಂದು ಹಾಕಿದ್ದು. ಈಗ ಗಲ್ಲಾದಲ್ಲಿ ನಾನು ಕೂರುತ್ತೇನೆ. ಬೆಳಿಗ್ಗೆ ಭಟ್ಟಿ ಮುಂದೆ ನಿಂತಾಗ ದಿನಾ ಒಂದೇ ತಲೆನೋವು: ಇವತ್ತು ಎಷ್ಟು?

ಖಾರಾ ಬನ್ 120 ಹಾಕಿಸುತ್ತೇನೆ. ಸಂಜೆ 6, ತಪ್ಪಿದರೆ 7ಕ್ಕೆ ಟ್ರೇ ಖಾಲಿ. ಅರ್ಧ ಕೆಜಿ ಕ್ರೀಮ್ ಕೇಕ್ 8 ಇಡುತ್ತೇನೆ. ಎರಡು ಮೂರು ಉಳಿದೇ ಉಳಿಯುತ್ತವೆ. ರಾತ್ರಿ ಅದನ್ನು ಡಬ್ಬಕ್ಕೆ ಸುರಿಯುವಾಗ ಹೊಟ್ಟೆ ಉರಿಯುತ್ತದೆ.

ಬನ್ ಜಾಸ್ತಿ ಹಾಕಿಸೋಣ ಅಂದರೆ ಮಳೆ ಹೊಡೆದು ಅರ್ಧ ಟ್ರೇ ಉಳಿದ ದಿನ ನೆನಪಾಗುತ್ತದೆ. ಕೇಕ್ ಕಮ್ಮಿ ಮಾಡಿಸೋಣ ಅಂದರೆ ಮಗುವಿನ ಬರ್ತ್‌ಡೇ ಅಂತ ಓಡಿಬಂದು ಬರಿಗೈಯಲ್ಲಿ ಹೋದವರ ಮುಖ ನೆನಪಾಗುತ್ತದೆ. ಅಂಗಡಿ ಇಟ್ಟಿರುವವರು ಯಾರಾದರೂ ಇದ್ದರೆ ಹೇಳಿ. ಇದಕ್ಕೆ ಆ್ಯಪ್ ಏನಾದರೂ ಇದೆಯಾ?

ಸುಮ್ನೆ_ಓದುಗ

ಆ್ಯಪ್ ಯಾಕೆ ಗುರು? ನಿನ್ನೆ ಎಷ್ಟು ಹೋಯಿತೋ ಅಷ್ಟು ಇವತ್ತು ಮಾಡು. ನಮ್ಮ ಮಾವ 30 ವರ್ಷ ಕಾಂಡಿಮೆಂಟ್ಸ್ ಅಂಗಡಿ ನಡೆಸಿದ್ದು ಹೀಗೇ.

ಲೆಕ್ಕದ_ಮೇಷ್ಟ್ರು

ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತೇನೆ, ಅದಕ್ಕೆ ಕೈ ಕೆರೆಯುತ್ತಿದೆ. ಮೊದಲು ಎರಡು ಲೆಕ್ಕ ಕೊಡಿ. ಒಂದು ಬನ್ನಿಗೆ ಸಾಮಾನಿನ ಖರ್ಚು ಎಷ್ಟು, ಮಾರುವುದು ಎಷ್ಟಕ್ಕೆ, ಉಳಿದರೆ ಏನು ಮಾಡುತ್ತೀರಿ? ಕೇಕ್‌ದೂ ಹಾಗೇ ಹೇಳಿ. ಬಾಡಿಗೆ, ಸಂಬಳ ಸೇರಿಸಬೇಡಿ. ಬನ್ ಒಂದು ಜಾಸ್ತಿ ಮಾಡಿದರೂ ಕಮ್ಮಿ ಮಾಡಿದರೂ ಅವು ಅಷ್ಟೇ ಇರುತ್ತವೆ.

ಬನ್ನು_ಬೆಣ್ಣೆ

ಬನ್ನಿಗೆ ಮೈದಾ, ಎಣ್ಣೆ, ಈರುಳ್ಳಿ, ಮೆಣಸಿನಕಾಯಿ, ಗ್ಯಾಸ್ ಎಲ್ಲ ಸೇರಿ 5 ರೂಪಾಯಿ. ಮಾರುವುದು 15ಕ್ಕೆ. ಉಳಿದರೆ ದುಡ್ಡು ಹುಟ್ಟುವುದಿಲ್ಲ, ಹುಡುಗರು ತಿನ್ನುತ್ತಾರೆ. ಕೇಕಿಗೆ ಖರ್ಚು 180, ಮಾರುವುದು 300ಕ್ಕೆ. ಉಳಿದರೆ ಸೊನ್ನೆ. ಬ್ರೆಡ್ ಬಗ್ಗೆ ಕೇಳಬೇಡಿ, ಅದು ಉಳಿದರೆ ರಸ್ಕ್ ಮಾಡುತ್ತೇವೆ, ತಲೆಬಿಸಿ ಇಲ್ಲ.

ಲೆಕ್ಕದ_ಮೇಷ್ಟ್ರು

ಬ್ರೆಡ್ಡಿಗೆ ತಲೆಬಿಸಿ ಇಲ್ಲ ಅಂದಿರಲ್ಲ, ಉತ್ತರದ ಅರ್ಧ ಅಲ್ಲೇ ಇದೆ. ಉಳಿದರೆ ನಷ್ಟ ಕಮ್ಮಿ ಅಂತ ಗೊತ್ತಿರುವುದರಿಂದ ಧೈರ್ಯವಾಗಿ ಜಾಸ್ತಿ ಹಾಕಿಸುತ್ತೀರಿ. ಅದೇ ಯೋಚನೆಯನ್ನು ಬನ್ನಿಗೂ ಕೇಕಿಗೂ ಹಚ್ಚಿ.

ಇನ್ನೂ ಒಂದು ಬನ್ ಮಾಡಲಾ ಬೇಡವಾ? ಹೋದರೆ 10 ಲಾಭ, ಉಳಿದರೆ 5 ನಷ್ಟ. ಅಂದರೆ ಮೂರು ದಿನದಲ್ಲಿ ಒಂದು ದಿನ ಆ ಬನ್ ಹೋದರೂ ಸಾಕು, ಕೈ ಕಚ್ಚುವುದಿಲ್ಲ. ಹಾಗಾಗಿ ಮೂರರಲ್ಲಿ ಎರಡು ದಿನ ಬನ್ ಸ್ವಲ್ಪ ಉಳಿಯುವಷ್ಟು ಮಾಡುವುದೇ ಸರಿ. ನಿಮ್ಮಲ್ಲಿ ಹೆಚ್ಚುಕಮ್ಮಿ ದಿನಾ ಖಾಲಿ ಆಗುತ್ತಿದೆ.

ಕೇಕ್ ಇದರ ತದ್ವಿರುದ್ಧ. ಹೋದರೆ 120, ಉಳಿದರೆ ಮೈನಸ್ 180. ಕೊನೆಯ ಕೇಕ್ ಹತ್ತರಲ್ಲಿ ಆರು ದಿನವಾದರೂ ಹೋಗುವ ಹಾಗಿದ್ದರೆ ಮಾತ್ರ ಅದನ್ನು ಮಾಡಬೇಕು. ನೀವು ಮಾತ್ರ ಷೋಕೇಸ್ ತುಂಬಿಸುತ್ತಿದ್ದೀರಿ.

ತಮಾಷೆ ಅಂದರೆ ಇದು ನಿಮ್ಮೊಬ್ಬರ ಕಥೆ ಅಲ್ಲ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಪೇಪರ್ ಮಾರುವವನ ಲೆಕ್ಕ ಅಂತ ಹೆಸರು. ಬೆಳಿಗ್ಗೆ ಎಷ್ಟು ಪೇಪರ್ ತರಬೇಕು, ಸಂಜೆಗೆ ಅದು ರದ್ದಿ. 2000ದಲ್ಲಿ ಅಮೆರಿಕದಲ್ಲಿ ಮೌರಿಸ್ ಶ್ವೈಟ್ಜರ್, ಗೆರಾರ್ಡ್ ಕ್ಯಾಶೋನ್ ಅನ್ನುವ ಇಬ್ಬರು ಎಂಬಿಎ ಓದುವವರನ್ನು ಕೂರಿಸಿ ಇದೇ ಆಟ ಆಡಿಸಿದ ಪ್ರಯೋಗ ಪ್ರಕಟಿಸಿದರು. ಬೇಡಿಕೆ 1ರಿಂದ 300ರ ಒಳಗೆ ಯಾವ ಸಂಖ್ಯೆಯೂ ಬರಬಹುದು, ಎಲ್ಲಕ್ಕೂ ಸಮಾನ ಅವಕಾಶ. ಇದನ್ನು ಮೊದಲೇ ಹೇಳಿದ್ದರು. ಮಾರುವ ಬೆಲೆ 12. ಖರೀದಿ ಬೆಲೆ 3 ಆದಾಗ 225 ತರಿಸುವುದು ಸರಿ. 9 ಆದಾಗ 75 ಸರಿ. ಅವರು ತರಿಸಿದ್ದು ಎಷ್ಟು ಗೊತ್ತಾ? ಸರಾಸರಿ 177ರ ಹತ್ತಿರ, ಮತ್ತು 134ರ ಹತ್ತಿರ.

ಲಾಭ ಜಾಸ್ತಿ ಇರುವ ಮಾಲನ್ನು ಬೇಕಾದ್ದಕ್ಕಿಂತ ಕಮ್ಮಿ ತರಿಸಿದರು, ಲಾಭ ಕಮ್ಮಿ ಇರುವ ಮಾಲನ್ನು ಜಾಸ್ತಿ ತರಿಸಿದರು. ಎರಡೂ ಕಡೆ ಮನಸ್ಸು ನಡುವಿನ 150ರ ಕಡೆಗೇ ಜಗ್ಗುತ್ತಿತ್ತು. ನಿಮ್ಮ ಬನ್ ಮತ್ತು ಕೇಕ್ ಕೂಡ ಅಷ್ಟೇ.

ಹೋಳಿಗೆ_ಕಮಲಕ್ಕ

ಮೇಷ್ಟ್ರೇ, ನಿಮ್ಮ ಲೆಕ್ಕ ಒಪ್ಪಿದೆ, ಆದರೆ ಮನಸ್ಸು ಒಪ್ಪಬೇಕಲ್ಲ. ನಾನು ಹೋಳಿಗೆ ಮಾಡಿ ಮಾರುತ್ತೇನೆ. ಉಳಿದ ಊರಣ ಬಿಸಾಡುವಾಗ ಅಮ್ಮನ ಮಾತು ಕಿವಿಯಲ್ಲಿ ಕೇಳುತ್ತದೆ. ಅನ್ನ ಚೆಲ್ಲಬಾರದು ಅಂತ ಬೆಳೆದವರು ನಾವು. ಖಾಲಿಯಾದ ಪಾತ್ರೆ ನೋಡಿದರೆ ಸಂತೋಷ, ಉಳಿದ ಪಾತ್ರೆ ನೋಡಿದರೆ ಪಾಪ. ಬನ್ ಕಮ್ಮಿ ಮಾಡುವುದಕ್ಕೆ ಅದೇ ಕಾರಣ ಇರಬೇಕು.

ಲೆಕ್ಕದ_ಮೇಷ್ಟ್ರು

ಅಕ್ಕಾ, ಬನ್ನಿಗೆ ಅದು ಸರಿ. ಹಾಗಾದರೆ ಕೇಕ್ ಯಾಕೆ 8? ಬಿಸಾಡುವ ಸಂಕಟ ಒಂದೇ ಕಾರಣ ಆಗಿದ್ದರೆ ಕೇಕ್ ಇನ್ನೂ ಕಮ್ಮಿ ಇರಬೇಕಿತ್ತು, ಅಲ್ವಾ? ನಷ್ಟದ ಭಯ ಅಂದರೂ ಅಷ್ಟೇ, ಅದು ಎರಡನ್ನೂ ಕೆಳಕ್ಕೇ ಎಳೆಯಬೇಕು. ಶ್ವೈಟ್ಜರ್, ಕ್ಯಾಶೋನ್ ಕೂಡ ಇದೇ ಪ್ರಶ್ನೆ ಹಾಕಿಕೊಂಡರು. ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಜಾಸ್ತಿ, ಎರಡಕ್ಕೂ ಹೊಂದುವ ಕಾರಣ ಬೇಕಲ್ಲ.

ಹೊಂದುವುದು ಎರಡು. ಒಂದು, ನಾವು ಸರಾಸರಿಯನ್ನು ಗೂಟ ಮಾಡಿಕೊಳ್ಳುತ್ತೇವೆ. ಆಮೇಲೆ ಸ್ವಲ್ಪ ಆಚೆ ಈಚೆ ಸರಿಯುತ್ತೇವೆ, ಆದರೆ ಸಾಕಷ್ಟು ಸರಿಯುವುದಿಲ್ಲ. ಎರಡು, ರಾತ್ರಿ ಷಟರ್ ಎಳೆಯುವಾಗ "ಛೇ, ಸರಿಯಾಗಿ ಇಷ್ಟೇ ಮಾಡಬೇಕಿತ್ತು" ಅನ್ನುವ ಮಾತು ಬರುತ್ತದಲ್ಲ, ಅದನ್ನು ತಪ್ಪಿಸಿಕೊಳ್ಳಲು ನೋಡುತ್ತೇವೆ. ಆ ಮಾತಿಗೆ 10 ರೂಪಾಯಿಯೂ 180 ರೂಪಾಯಿಯೂ ಒಂದೇ. ಎಷ್ಟು ಸಂಖ್ಯೆ ತಪ್ಪಿತು ಅನ್ನುವುದಷ್ಟೇ ಅದರ ಲೆಕ್ಕ.

ಸುಮ್ನೆ_ಓದುಗ

ಎಂಬಿಎ ಹುಡುಗರು ಸುಮ್ನೆ ಕೂತು ಆಡಿದ ಆಟ ಅದು. ಬೇಡಿಕೆ 1ರಿಂದ 300 ಅಂತ ಯಾವ ಗಿರಾಕಿ ಮೊದಲೇ ಹೇಳಿ ಬರುತ್ತಾನೆ? ಮಾವನಿಗೆ ಮೋಡ ನೋಡಿದರೆ ಗೊತ್ತಾಗುತ್ತಿತ್ತು ಇವತ್ತು ಬನ್ ಎಷ್ಟು ಹೋಗುತ್ತದೆ ಅಂತ. ಜಿಟಿಜಿಟಿ ಮಳೆಗೆ ಖಾರ ಎಲ್ಲರಿಗೂ ಬೇಕು. ಜೋರು ಮಳೆಗೆ ಯಾರೂ ಆಚೆ ಬರುವುದಿಲ್ಲ.

ಲೆಕ್ಕದ_ಮೇಷ್ಟ್ರು

ಮಾವನ ಮೋಡದ ಲೆಕ್ಕಕ್ಕೆ ನಾನು ಕೈ ಮುಗಿಯುತ್ತೇನೆ. ಅದು ನನ್ನ ಸೂತ್ರದಲ್ಲಿ ಇಲ್ಲ. ನನ್ನ ತಕರಾರು "ನಿನ್ನೆ ಹೋದಷ್ಟು ಇವತ್ತು" ಅನ್ನುವುದರ ಮೇಲೆ ಮಾತ್ರ. ಹಿಂದಿನ ದಿನದ ಬಾಲ ಹಿಡಿದು ಓಡುವುದನ್ನೂ ಆ ಪ್ರಯೋಗದಲ್ಲೇ ಕಂಡರು. ಅಲ್ಲಿ ನಿನ್ನೆಗೂ ಇವತ್ತಿಗೂ ಸಂಬಂಧವೇ ಇರಲಿಲ್ಲ, ಆದರೂ ಓಡಿದರು.

ಇನ್ನೊಂದು ವಿಷಯ. 120 ಮಾಡಿ 120 ಹೋದರೆ ಪುಸ್ತಕದಲ್ಲಿ 120 ಅಂತ ಬರೆಯುತ್ತೀರಿ. ಆದರೆ ಅದು ನಿಮ್ಮ ಟ್ರೇ ಹಿಡಿದ ಲೆಕ್ಕ, ಗಿರಾಕಿ ಕೇಳಿದ ಲೆಕ್ಕ ಅಲ್ಲ. ಉಳಿದ ಬನ್ ಕಣ್ಣೆದುರು ಕೂತಿರುತ್ತದೆ. ವಾಪಸ್ ಹೋದ ಗಿರಾಕಿ ಕಾಣುವುದಿಲ್ಲ. ಬನ್ನು_ಬೆಣ್ಣೆಯವರೇ, ಗಲ್ಲಾ ಪಕ್ಕ ಒಂದು ಖಾಲಿ ಜಾಮ್ ಬಾಟಲಿ ಇಡಿ. ಟ್ರೇ ಖಾಲಿಯಾದ ಮೇಲೆ ಯಾರು ಎಷ್ಟು ಬನ್ ಕೇಳಿದರೋ ಅಷ್ಟು ಕಾಳು ಹಾಕಿ. 15 ದಿನ ಮಾಡಿ ನೋಡಿ.

ಔಷಧಿ_ಅಂಗಡಿ_ಶಿವಮೊಗ್ಗ

ಬೇಕರಿಯವರೇ, ನಿಮಗೆ ಗಿರಾಕಿ ಮಾತ್ರ ಗೊತ್ತಿಲ್ಲ. ನಮಗೆ ಗಿರಾಕಿಯೂ ಗೊತ್ತಿಲ್ಲ, ಮಾಲು ಬರುತ್ತದಾ ಅನ್ನುವುದೂ ಗೊತ್ತಿಲ್ಲ.

2021ರ ಏಪ್ರಿಲ್, ಮೇ. ಎರಡನೇ ಅಲೆ. ಬೆರಳಿಗೆ ಹಾಕಿ ಆಕ್ಸಿಜನ್ ನೋಡುವ ಮೀಟರ್‌ಗೆ ಜನ ಅಂಗಡಿ ಮುಂದೆ ನಿಂತಿದ್ದರು. ಡಿಸ್ಟ್ರಿಬ್ಯೂಟರ್‌ಗೆ 20 ಹೇಳಿದರೆ 4 ಬರುತ್ತಿತ್ತು. ಹಾಗಾದರೆ 100 ಹೇಳಿದರೆ 20 ಬರುತ್ತದೆ ಅಂತ 100 ಹೇಳಿದೆ. ಅಷ್ಟಕ್ಕೂ ನಂಬಿಕೆ ಬರಲಿಲ್ಲ, ಇನ್ನೂ ಇಬ್ಬರಿಗೆ 50, 50 ಹೇಳಿದೆ. ಅಂಗಡಿ ಅಂಗಡಿಯವರೂ ಇದನ್ನೇ ಮಾಡಿರುತ್ತಾರೆ ಅಂತ ಆಗ ಹೊಳೆಯಲಿಲ್ಲ. ಜೂನ್ ಕೊನೆಗೆ ಅಲೆ ಇಳಿಯಿತು. ಆಗ ಬಂತು ನೋಡಿ ಮಾಲು. ಒಂದರ ಹಿಂದೆ ಒಂದು ಡಬ್ಬ, ಮೂರೂ ಕಡೆಯಿಂದ. ಹೇಳಿದ್ದು ನಾನೇ, ಬೇಡ ಅನ್ನುವುದು ಹೇಗೆ? ಕೆಲವು ಇನ್ನೂ ಮೇಲಿನ ಅಟ್ಟದಲ್ಲಿ ಕೂತಿವೆ. ಬ್ಯಾಟರಿ ಸೋರಿ ಹಾಳಾದವೂ ಇವೆ.

ತಮಾಷೆ ಅಂದರೆ ಎಷ್ಟು ಬೇಕಾಗುತ್ತದೆ ಅನ್ನುವ ಅಂದಾಜು ತೀರಾ ತಪ್ಪಿರಲಿಲ್ಲ. ಆಗಲೇ ಹೇಳಿದ ಮಾಲು ದಾರಿಯಲ್ಲಿದೆ ಅನ್ನುವುದೇ ಮರೆತುಹೋಗುತ್ತಿತ್ತು.

ಚಿಕಾಗೋ_ಕನ್ನಡಿಗ

ಮೇಲಿನವರು ಹೇಳಿದ್ದು ಓದಿ ನನಗೆ ನಗುವೂ ಬಂತು, ಬೇಜಾರೂ ಆಯಿತು. ನಾನು ಇಲ್ಲಿ ಕಂಪನಿಯೊಂದರಲ್ಲಿ ಸ್ಟಾಕ್ ಪ್ಲಾನಿಂಗ್ ಕೆಲಸ ಮಾಡುತ್ತೇನೆ. ಕೆಲಸಕ್ಕೆ ಸೇರಿದ ವಾರವೇ ಬಿಯರ್ ಗೇಮ್ ಆಡಿಸಿದರು. ಇಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಆಟ. ನಾಲ್ಕು ಜನ: ಅಂಗಡಿಯವ, ಹೋಲ್‌ಸೇಲಿನವ, ಡಿಸ್ಟ್ರಿಬ್ಯೂಟರ್, ಕಾರ್ಖಾನೆ. ಒಬ್ಬರಿಗೊಬ್ಬರು ಮಾತಾಡುವ ಹಾಗಿಲ್ಲ, ಚೀಟಿಯಲ್ಲಿ ಆರ್ಡರ್ ಮಾತ್ರ. ಹೇಳಿದ ಮಾಲು ಬರಲು ಕೆಲವು ವಾರ ಬೇಕು. ಇಟ್ಟುಕೊಂಡ ಪ್ರತಿ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್, ಕೊಡಲಾಗದ ಪ್ರತಿ ಪೆಟ್ಟಿಗೆಗೆ 1 ಡಾಲರ್ ದಂಡ.

ಗಿರಾಕಿ ಮೊದಲ ನಾಲ್ಕು ವಾರ 4 ಪೆಟ್ಟಿಗೆ ಕೇಳುತ್ತಾನೆ. ಐದನೇ ವಾರದಿಂದ 8. ಅಷ್ಟೇ. ಆಮೇಲೆ ಕೊನೆಯವರೆಗೂ 8. ಇಷ್ಟು ಸಣ್ಣ ಬದಲಾವಣೆಗೆ ಕಾರ್ಖಾನೆ ತಲುಪುವ ಹೊತ್ತಿಗೆ ಆರ್ಡರ್ ಆಕಾಶಕ್ಕೆ ಹಾರಿ, ಆಮೇಲೆ ಸೊನ್ನೆಗೆ ಬಿದ್ದಿರುತ್ತದೆ. ನಾನು ಹೋಲ್‌ಸೇಲಿನವ ಆಗಿದ್ದೆ. ಮಾಲು ಬರಲಿಲ್ಲ ಅಂತ ಮತ್ತೆ ಮತ್ತೆ ಬರೆದೆ. ಹಳೆಯ ಚೀಟಿಯ ಮಾಲು, ಹೊಸ ಚೀಟಿಯ ಮಾಲು ಒಟ್ಟಿಗೆ ಬಂದು ಮೇಜು ತುಂಬಿತು. ಆಟ ಮುಗಿದ ಮೇಲೆ ಗಿರಾಕಿ ಎಷ್ಟು ಕೇಳಿರಬಹುದು, ಗೆರೆ ಎಳೆದು ತೋರಿಸಿ ಅಂದರು. ಎಲ್ಲರೂ ಬೆಟ್ಟ ಕಣಿವೆ ಬರೆದೆವು. ಅವನು ಮಾಡಿದ್ದು ಒಂದೇ ಒಂದು ಮೆಟ್ಟಿಲು.

ಅದೇ ಎಂಐಟಿಯ ಜಾನ್ ಸ್ಟರ್ಮನ್ 1989ರಲ್ಲಿ ಇಂಥ ಆಟಗಳನ್ನು ಲೆಕ್ಕ ಹಾಕಿ ನೋಡಿದರು. ತಂಡಗಳ ಖರ್ಚು ಸರಾಸರಿ, ಆಗಬೇಕಿದ್ದುದರ ಹತ್ತು ಪಟ್ಟು. ಮುಖ್ಯ ಕಾರಣ ಶಿವಮೊಗ್ಗದವರು ಹೇಳಿದ್ದೇ: ಕೈಯಲ್ಲಿರುವ ಮಾಲು ನೋಡುತ್ತೇವೆ, ದಾರಿಯಲ್ಲಿರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾದ ವ್ಯಾಪಾರದಲ್ಲೂ ಇದು ಇದೆ. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನವರ ಪ್ಯಾಂಪರ್ಸ್ ಕಥೆ ಇಲ್ಲಿ ಎಲ್ಲರೂ ಹೇಳುತ್ತಾರೆ. ಮಕ್ಕಳು ಡಯಾಪರ್ ಒದ್ದೆ ಮಾಡುವುದು ವರ್ಷವಿಡೀ ಒಂದೇ ಥರ. ಆರ್ಡರ್‌ಗಳು ಮಾತ್ರ ಮೇಲೆ ಕೆಳಗೆ ಕುಣಿಯುತ್ತಿದ್ದವು.

ಔಷಧಿ ಅಂಗಡಿಯವರಿಗೆ ಒಂದೇ ಮಾತು. ಆರ್ಡರ್ ಪುಸ್ತಕದಲ್ಲಿ "ಹೇಳಿದ್ದು, ಇನ್ನೂ ಬಂದಿಲ್ಲ" ಅಂತ ಒಂದು ಕಾಲಂ ಎಳೆಯಿರಿ. ಹೊಸ ಆರ್ಡರ್ ಬರೆಯುವ ಮುಂಚೆ ಕಪಾಟು ಮತ್ತು ಆ ಕಾಲಂ ಎರಡನ್ನೂ ಕೂಡಿಸಿ.

ಔಷಧಿ_ಅಂಗಡಿ_ಶಿವಮೊಗ್ಗ

ಕಾಲಂ ಎಳೆಯಬಹುದು. ಆದರೆ ನಾನು ಪ್ರಾಮಾಣಿಕವಾಗಿ 20 ಹೇಳಿದರೆ, ಪಕ್ಕದ ಅಂಗಡಿಯವ 100 ಹೇಳಿ ನನ್ನ ಪಾಲನ್ನೂ ಎತ್ತಿಕೊಂಡು ಹೋಗುತ್ತಾನೆ. ಆಗ ಏನು ಮಾಡಲಿ?

ಚಿಕಾಗೋ_ಕನ್ನಡಿಗ

ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಸಾರ್. ಅದು ನಿಮ್ಮ ತಲೆಯ ತಪ್ಪಲ್ಲ, ಹಂಚುವವನ ಪದ್ಧತಿಯ ತಪ್ಪು. ಕೇಳಿದಷ್ಟಕ್ಕೆ ತಕ್ಕಂತೆ ಹಂಚಿದರೆ ಎಲ್ಲರೂ ಸುಳ್ಳೇ ಕೇಳುತ್ತಾರೆ. ಹಳೆಯ ತಿಂಗಳುಗಳ ಮಾರಾಟ ನೋಡಿ ಹಂಚಿದರೆ ಸುಳ್ಳು ಹೇಳಿ ಪ್ರಯೋಜನ ಇರುವುದಿಲ್ಲ.

ಹೂವಿನ_ಗಲ್ಲಿ

ನಮ್ಮ ಮನೆಯವರು ಮೈಸೂರಿನಲ್ಲಿ ಹೂವು ಕಟ್ಟುತ್ತಾರೆ. ಆಯುಧಪೂಜೆಗೆ ಬೂದಗುಂಬಳವನ್ನೂ ಫುಟ್‌ಪಾತ್‌ನಲ್ಲಿ ಗುಡ್ಡೆ ಹಾಕುತ್ತೇವೆ. ವರ್ಷಕ್ಕೆ ಒಂದೇ ದಿನ. ಮಾರನೇ ದಿನ ಆ ಕಾಯಿಯನ್ನು ಯಾರೂ ತಿರುಗಿ ನೋಡುವುದಿಲ್ಲ. ಒಂದು ವರ್ಷ 400 ತಂದು 120 ಉಳಿಯಿತು. ಮುಂದಿನ ವರ್ಷ ಅಪ್ಪ ಹಟ ಹಿಡಿದು 250 ತಂದರು. ಮಧ್ಯಾಹ್ನಕ್ಕೇ ಮುಗಿಯಿತು. ಅದರ ಮುಂದಿನ ವರ್ಷ 500. ಹೇಗಾಯಿತು ಅಂತ ಹೇಳಬೇಕಾ?

ಮೇಷ್ಟ್ರು ಹೇಳಿದ ಬಾಲ ಹಿಡಿದು ಓಡುವುದು ಅಂದರೆ ಇದೇ. ಬೇಕರಿಯವರಿಗೆ ನಾಳೆ ತಿದ್ದಿಕೊಳ್ಳಲು ಅವಕಾಶ ಇದೆ. ನಮಗೆ ಮುಂದಿನ ದಸರಾ ತನಕ ಕಾಯಬೇಕು. ಅಷ್ಟರಲ್ಲಿ ನೆನಪಿನಲ್ಲಿ ಉಳಿಯುವುದು ಒಂದೇ, ಹೋದ ವರ್ಷದ ಪಜೀತಿ.

ಹೋಳಿಗೆ_ಕಮಲಕ್ಕ

ನಾನು ಯುಗಾದಿಗೆ ಈ ತಂಟೆಯೇ ಬೇಡ ಅಂತ ಮುಂಗಡ ದುಡ್ಡು ಕೊಟ್ಟವರಿಗೆ ಮಾತ್ರ ಮಾಡುತ್ತೇನೆ. ಮೊದಮೊದಲು ಜನ ಗೊಣಗಿದರು, ಈಗ ರೂಢಿ ಆಗಿದೆ. ಗಿರಾಕಿ ಲೆಕ್ಕ ಸಿಕ್ಕಿತು. ಆದರೆ ಹಬ್ಬದ ದಿನ ಲಟ್ಟಿಸುವ ಹೆಂಗಸರು ಎಷ್ಟು ಜನ ಬರುತ್ತಾರೆ ಅನ್ನುವುದು ದೇವರಿಗೇ ಗೊತ್ತು. ಆರು ಜನ ಬರುತ್ತಾರೆ ಅಂತ ಆರ್ಡರ್ ಹಿಡಿಯುತ್ತೇನೆ, ನಾಲ್ಕು ಜನ ಬರುತ್ತಾರೆ. ಪ್ರತಿ ವರ್ಷ. ಆದರೂ ಮುಂದಿನ ವರ್ಷ ಆರೇ ಅಂದುಕೊಳ್ಳುತ್ತೇನೆ! ಇದಕ್ಕೆ ಏನು ಹೆಸರು ಮೇಷ್ಟ್ರೇ?

ಲೆಕ್ಕದ_ಮೇಷ್ಟ್ರು

ಅತಿಯಾದ ನಂಬಿಕೆ, ಅಕ್ಕಾ. ನನಗೂ ಇದೆ. ಪ್ರತಿ ಸೆಮಿಸ್ಟರ್ ಪೇಪರ್ ತಿದ್ದುವುದು ಮೂರು ದಿನದಲ್ಲಿ ಮುಗಿಯುತ್ತದೆ ಅಂದುಕೊಳ್ಳುತ್ತೇನೆ. ಒಂದೇ ಸಂಖ್ಯೆ ಹಿಡಿಯಬೇಡಿ. ನಾಲ್ಕು ಜನ ಖಂಡಿತ, ಆರು ಜನ ಬಂದರೆ ಬೋನಸ್ ಅಂತ ಆರ್ಡರ್ ಹಿಡಿಯಿರಿ.

ಬನ್ನು_ಬೆಣ್ಣೆ (ಮೂರು ವಾರದ ನಂತರ)

ಕ್ಷಮಿಸಿ, ತಡವಾಯಿತು. ಬಾಟಲಿ ಇಟ್ಟೆ. ಮೊದಲು ಹುರಿಗಡಲೆ ಹಾಕಿಸಿದೆ. ಗಲ್ಲಾ ಹುಡುಗ ಮಾತಿನ ಮಧ್ಯೆ ತಿಂದುಬಿಡುತ್ತಿದ್ದ. ಆಮೇಲೆ ಹುಣಸೆ ಬೀಜಕ್ಕೆ ಬದಲಾಯಿಸಿದೆ. ಮೊದಲ ಸಂಜೆ ಬಾಟಲಿ ಬಗ್ಗಿಸಿ ಎಣಿಸಿದಾಗ 22 ಬೀಜ. ನಿಜವಾಗಲೂ ಬೆಚ್ಚಿಬಿದ್ದೆ. ನಾನು ಎದುರಿಗೇ ಕೂತಿದ್ದೇನೆ, ನನ್ನ ಕೈಯಾರೆ "ಖಾಲಿ" ಅಂದಿದ್ದೇನೆ, ಆದರೂ ಐದಾರು ಇರಬಹುದು ಅಂದುಕೊಂಡಿದ್ದೆ.

15 ದಿನ ಜನ ಕೇಳಿದ ಬನ್, ಕಮ್ಮಿಯಿಂದ ಜಾಸ್ತಿಗೆ ಜೋಡಿಸಿದ್ದೇನೆ: 118, 124, 127, 131, 133, 136, 140, 142, 145, 149, 153, 158, 161, 170, 182.

ಕೇಕ್: 2, 3, 3, 4, 4, 5, 5, 6, 6, 7, 7, 8, 9, 10, 12.

ಲೆಕ್ಕದ_ಮೇಷ್ಟ್ರು

ಭೇಷ್! ಬನ್ನಿಗೆ ಮೂರರಲ್ಲಿ ಎರಡು ಪಾಲು, ಅಂದರೆ ಸಾಲಿನಲ್ಲಿ ಹತ್ತನೆಯ ಸಂಖ್ಯೆ: 149. ಸುಲಭಕ್ಕೆ 150 ಅನ್ನಿ. ಕೊನೆಯ ಕೇಕ್ ಹತ್ತರಲ್ಲಿ ಆರು ದಿನ ಹೋಗಬೇಕು, ಅಂದರೆ ಉಳಿಯಬಹುದಾದದ್ದು ಹತ್ತರಲ್ಲಿ ನಾಲ್ಕು ಪಾಲು, ಸಾಲಿನಲ್ಲಿ ಆರನೆಯ ಸಂಖ್ಯೆ: 5.

ಇದೇ 15 ದಿನಕ್ಕೆ ಹಾಕಿ ನೋಡಿದೆ. 120 ಬನ್ ಮಾಡಿದಾಗ ಉಳಿದದ್ದು ಬರೀ 2, ಲಾಭ 17,970. 150 ಮಾಡಿದ್ದರೆ 155 ಉಳಿಯುತ್ತಿತ್ತು, ಲಾಭ 20,175. ಮತ್ತೆ ಓದಿ. 155 ಬನ್ ಉಳಿಸಿಕೊಂಡು 2,205 ರೂಪಾಯಿ ಜಾಸ್ತಿ. ಹಾಗಂತ 190 ಮಾಡಿದ್ದರೆ 681 ಉಳಿದು ಲಾಭ 18,285ಕ್ಕೆ ಇಳಿಯುತ್ತಿತ್ತು. ಅದೂ 120ಕ್ಕಿಂತ ವಾಸಿ ಅನ್ನುವುದು ಬೇರೆ ಮಾತು.

ಕೇಕ್ 8 ಇಟ್ಟಾಗ 36 ಕಸಕ್ಕೆ, ಲಾಭ 3,600. 5 ಇಟ್ಟಿದ್ದರೆ 9 ಕಸಕ್ಕೆ, ಲಾಭ 6,300.

ಸುಮ್ನೆ_ಓದುಗ

ಒಂದು ಕೊಂಕು. ಖಾಲಿ ಷೋಕೇಸಿನಲ್ಲಿ ಎರಡು ಕೇಕ್ ಒಣಗುತ್ತಾ ಕೂತಿದ್ದರೆ ಯಾರು ತಗೊಳ್ಳುತ್ತಾರೆ? ತುಂಬಿದ ಅಂಗಡಿಗೇ ಜನ ಬರುವುದು. ಬರ್ತ್‌ಡೇ ಕೇಕಿಗೆ ಬಂದವರು ಮೇಣದ ಬತ್ತಿ, ಟೋಪಿ, ಮಿಕ್ಸ್ಚರ್, ಸಮೋಸ ಎಲ್ಲ ತಗೊಳ್ಳುತ್ತಾರೆ. 120 ಲಾಭ ಅನ್ನುವ ಲೆಕ್ಕವೇ ತಪ್ಪು.

ಲೆಕ್ಕದ_ಮೇಷ್ಟ್ರು

ಇದು ಕೊಂಕಲ್ಲ, ಈ ಚರ್ಚೆಯಲ್ಲಿ ಬಂದ ಒಳ್ಳೆಯ ಮಾತುಗಳಲ್ಲಿ ಒಂದು. ಒಪ್ಪಿದೆ. ಜೊತೆಗೆ ಹೋಗುವ ಸಾಮಾನಿನ ಲಾಭವೂ ಸೇರಿ 180 ಆಯಿತು ಅನ್ನಿ. ಆಗ ಹೋದರೂ 180, ಉಳಿದರೂ 180. ನಡುವಿನ ಸಂಖ್ಯೆ ಸರಿ, ಅಂದರೆ 6. ಆಗಲೂ 8 ಬರುವುದಿಲ್ಲ. ಷೋಕೇಸ್ ತುಂಬಿಸಲು ಬೆಣ್ಣೆ ಬಿಸ್ಕತ್ತು ಇಡಿ, ಅದು ಬೇಗ ಕೆಡುವುದಿಲ್ಲ.

ಬಾಟಲಿಯಲ್ಲೂ ಒಂದು ಲೋಪ ಇದೆ. ಖಾಲಿ ಟ್ರೇ ನೋಡಿ ಕೇಳದೇ ಹೋದವರಿಗೆ ಬೀಜ ಬಿದ್ದಿಲ್ಲ.

ಬನ್ನು_ಬೆಣ್ಣೆ

ಕೇಕ್ 6ಕ್ಕೆ ಇಳಿಸಿದ್ದೇನೆ. 5ಕ್ಕೆ ಇಳಿಸಲು ಮನಸ್ಸು ಬರಲಿಲ್ಲ, ನಿಜ ಹೇಳುತ್ತಿದ್ದೇನೆ.

ಬನ್ 150 ಶುರು ಮಾಡಿ ನಾಲ್ಕು ದಿನ ಆಯಿತು. ಎರಡನೇ ದಿನ ಸಂಜೆ ಜೋರು ಮಳೆ, 48 ಉಳಿಯಿತು. ಎಲ್ಲ ಗೊತ್ತಿದ್ದೂ, ನಿಮ್ಮ ಪೋಸ್ಟೆಲ್ಲ ಓದಿದ್ದೂ, ಮಾರನೇ ಬೆಳಿಗ್ಗೆ ಭಟ್ಟಿಯವನಿಗೆ 110 ಅಂದುಬಿಟ್ಟೆ. ಬಾಯಿಂದ ತಾನೇ ಬಂತು. ಅವತ್ತು ಐದೂವರೆಗೇ ಖಾಲಿ. ಬಾಟಲಿಯಲ್ಲಿ 31 ಬೀಜ.

ಲೆಕ್ಕದ_ಮೇಷ್ಟ್ರು

ಅದಕ್ಕೂ ಮದ್ದಿದೆ. ಬೋಲ್ಟನ್, ಕಟೋಕ್ ಅನ್ನುವ ಇಬ್ಬರು 2008ರಲ್ಲಿ ತೋರಿಸಿದ್ದು. ಅದೇ ಪೇಪರ್ ಮಾರುವ ಆಟದಲ್ಲಿ ಪ್ರತಿ ಸುತ್ತಿಗೂ ಆರ್ಡರ್ ಬದಲಾಯಿಸಲು ಬಿಡದೆ, ಹತ್ತು ಸುತ್ತಿಗೆ ಒಮ್ಮೆ ಮಾತ್ರ ಸಂಖ್ಯೆ ಹೇಳಿ ಅಂದರು. ಆಗ ಜನ ಸರಿಯಾದ ಸಂಖ್ಯೆಗೆ ಹತ್ತಿರ ಬಂದರು. ನೀವೂ ಭಟ್ಟಿ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 150 ಅಂತ ಬರೆಯಿರಿ. ಹದಿನೈದು ದಿನ ಅಳಿಸಬೇಡಿ. ನೀವು ಹೇಳಿದರೂ ಕೇಳಬೇಡ ಅಂತ ಭಟ್ಟಿಯವನಿಗೆ ಹೇಳಿಡಿ.

ಬನ್ನು_ಬೆಣ್ಣೆ

ಬರೆದೆ. ಅವನು ನಗುತ್ತಿದ್ದಾನೆ. ಭಾನುವಾರಕ್ಕೂ ಇದೇ 150 ನಡೆಯುತ್ತದಾ?

ಸುಮ್ನೆ_ಓದುಗ

ಭಾನುವಾರಕ್ಕೆ ಬೇರೆ ಬಾಟಲಿ ಇಡು ಗುರು. ಮತ್ತೆ ಬೀಜ ಎಣಿಸುವ ಮುಂಚೆ ಮೋಡ ನೋಡು.